ಸಾವಿನ ಮನೆಯಿಂದ ಕೆಲಸಕ್ಕೆ

ಮನೆಯಲ್ಲಿ ಸಾವಾದ ಮೇಲೆ ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು? ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ, ಅಲ್ಲಿಗೆ ಸೂತಕ ಕಳೆಯಿತು. ಆದರೆ ಊರ ಬಾಯಿಗೆ ಬೇರೆ ಲೆಕ್ಕ. ಗಂಡಸು ಹದಿನಾಲ್ಕನೇ ದಿನ ಜೀಪು ತೆಗೆದರೆ "ಪಾಪ, ಮಕ್ಕಳಿದ್ದಾರೆ, ಏನು ಮಾಡ್ತಾನೆ" ಅಂತಾರೆ. ಹೆಂಗಸು ಅದೇ ದಿನ ಬ್ಯಾಗು ಹಾಕಿಕೊಂಡು ಬಸ್ಸಿಗೆ ನಿಂತರೆ "ಎದೆ ಗಟ್ಟಿ ಕಣಮ್ಮ ಅವಳದು" ಅಂತಾರೆ. ಅದು ಹೊಗಳಿಕೆಯೋ ಬೈಗುಳವೋ, ಹೇಳಿದವರಿಗೂ ಗೊತ್ತಿರುವುದಿಲ್ಲ.

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ತಿಥಿ ಮುಗಿದ ಮೂರನೇ ದಿನಕ್ಕೆ ನಾನು ಕೆಲಸಕ್ಕೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು, "ಇನ್ನೊಂದು ವಾರ ಇರಬಾರದಾ ಕಣವ್ವ, ಜನ ಏನಂದಾರು" ಅಂದರು. ಮಗಳಿಗೆ ಆಗ ಹನ್ನೊಂದು ವರ್ಷ. ಅವಳು ಬೆಳಿಗ್ಗೆ ಏನೂ ಅನ್ನಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: "ಅಮ್ಮ, ಅಲ್ಲಿ ಮಕ್ಕಳ ಜೊತೆ ನಗ್ತೀಯಾ?" ಜನದ ಮಾತಿಗೆ ಉತ್ತರ ಹೇಳಬಹುದು, ಈ ಮಾತಿಗೆ ಕಷ್ಟ. ನಕ್ಕಿದ್ದೆ. ಸತ್ತುಮಾವಿನ ಉಂಡೆಯನ್ನು ಮೂಗಿಗೆಲ್ಲ ಮೆತ್ತಿಕೊಂಡ ಮಗುವನ್ನು ನೋಡಿ ನಗದೆ ಇರುವುದು ಹೇಗೆ? ಹಾಗೆ ನಕ್ಕರೆ ಸತ್ತವರನ್ನು ಮರೆತ ಹಾಗೆಯೇ?

ಇದಕ್ಕೆ ಪುಸ್ತಕದಲ್ಲಿ ಹುಡುಕುವುದಕ್ಕಿಂತ ನಮ್ಮ ತೆಪ್ಪಕಾಡಿನ ಬೆಳ್ಳಿಯಮ್ಮನವರ ಬದುಕನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ ಅಂತ ನನಗೆ ಅನಿಸಿದೆ. ಊಟಿಯವರೇ ಆದ ಕಾರ್ತಿಕಿ ಗೊನ್ಸಾಲ್ವಿಸ್ ತೆಗೆದ ಆನೆಮರಿಯ ಚಿತ್ರಕ್ಕೆ 2023ರ ಮಾರ್ಚಿಯಲ್ಲಿ ಆಸ್ಕರ್ ಬಂತಲ್ಲ, ಅದರಲ್ಲಿ ಇರುವವರು ಅವರೂ ಅವರ ಗಂಡ ಬೊಮ್ಮನ್ನೂ. ಚಿತ್ರ ನೋಡಿದವರೆಲ್ಲ ಆನೆಮರಿಯ ಮುದ್ದನ್ನೇ ನೆನೆಯುತ್ತಾರೆ. ನನಗೆ ನೆನಪಾಗುವುದು ಬೇರೆ. ಕಾಟುನಾಯಕರ ಆ ಹೆಣ್ಣುಮಗಳ ಮೊದಲ ಗಂಡನನ್ನು ಹುಲಿ ಕೊಂದಿತ್ತು. ಆಮೇಲೆ ಮಗಳೂ ಹೋದಳು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಇದ್ದದ್ದು ರಘು ಎಂಬ ತಬ್ಬಲಿ ಮರಿ. ಅದರ ತಾಯಿ ಕರೆಂಟು ತಗುಲಿ ಸತ್ತಿತ್ತು. ಗಂಡನನ್ನು ಕಾಡು ತಿಂದಿತು ಅಂತ ಕಾಡಿಗೆ ಹೆದರಿದ್ದವರು ಅದೇ ಕಾಡಿನ ಮರಿಗೆ ಹಾಲು ಕುಡಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. "ಕೆಲಸದಲ್ಲಿ ಮುಳುಗು, ಎಲ್ಲಾ ಮರೆತುಹೋಗುತ್ತೆ" ಅಂತ ನಾವು ಒಬ್ಬರಿಗೊಬ್ಬರು ಹೇಳುತ್ತೇವೆ. ಮರಿಗೆ ಹೊತ್ತು ಹೊತ್ತಿಗೆ ಹಾಲು ಬೇಕು, ಸ್ನಾನ ಬೇಕು, ದೊಡ್ಡದಾದ ಮೇಲೆ ರಾಗಿ, ಹುರುಳಿ, ಬೆಲ್ಲ ಬೇಕು. ಇದರಲ್ಲಿ ಮಗಳನ್ನು ಮರೆಯುವುದಕ್ಕೆ ಏನಿದೆ? ಹಾಲು ಕುಡಿಸುವ ಪ್ರತಿ ಹೊತ್ತೂ ನೆನಪೇ. ದುಃಖ ಹೋಗಿರಲಾರದು. ಆದರೆ ಬೆಳಗಾದರೆ ತಾನು ಬರಲಿ ಅಂತ ಕಾಯುವ ಒಂದು ಜೀವ ಇತ್ತು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಕತೆಯೂ ಹೀಗೇ. ಎಳವೆಯಲ್ಲೇ ತಂದೆ ಇಲ್ಲ, ಆಮೇಲೆ ಗಂಡನೂ ಇಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ. 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಸಿ ಮಾತಾಡುವುದಿಲ್ಲ, ಆದರೆ ಇವತ್ತು ನೀರು ಹಾಕದಿದ್ದರೆ ನಾಳೆಗೆ ಇರುವುದಿಲ್ಲ.

ಹಾಗಾದರೆ ಕೆಲಸ ಒಂದು ಔಷಧಿಯೇ? ಅದನ್ನೂ ನಾನು ಒಪ್ಪುವುದಿಲ್ಲ. ರಘುವನ್ನು ಕೊನೆಗೆ ಬೇರೆ ಮಾವುತರಿಗೆ ಒಪ್ಪಿಸಬೇಕಾಯಿತು. ಆಸ್ಕರ್ ಬಂದ ಅದೇ ಮಾರ್ಚಿಯ ಕೊನೆಗೆ, ಧರ್ಮಪುರಿ ಕಡೆಯಿಂದ ಇವರ ಕೈಗೆ ತಂದುಕೊಟ್ಟ ಇನ್ನೊಂದು ಮರಿ ಉಳಿಯಲಿಲ್ಲ. ಊರೆಲ್ಲ ಫೋಟೋ ತೆಗೆಯುತ್ತಿದ್ದ ದಿನಗಳು ಅವು. ಔಷಧಿ ಅಂತ ಹಿಡಿದದ್ದೂ ಕೈ ಬಿಡುತ್ತದೆ. ಆದರೂ ಆ ಆಗಸ್ಟಿನಲ್ಲಿ ಬೆಳ್ಳಿಯವರಿಗೆ ಸರಕಾರ ಕಾವಾಡಿ ಕೆಲಸದ ಆದೇಶ ಕೊಟ್ಟಾಗ ಅವರು ಮತ್ತೆ ಶಿಬಿರಕ್ಕೇ ಹೋದರು. ಇದಕ್ಕೆ ಧೈರ್ಯ ಅಂತ ಹೆಸರಿಡುವುದು ಸುಲಭ. ಬಡವರಿಗೆ ಮನೆಯಲ್ಲಿ ಕೂತು ಅಳುವಷ್ಟು ರಜೆ ಯಾರು ಕೊಟ್ಟಿದ್ದಾರೆ ಅಂತಲೂ ಕೇಳಬೇಕಲ್ಲ?

ಇದನ್ನೆಲ್ಲ ಹೇಳಿದಾಗ ನಮ್ಮ ಪಕ್ಕದ ಮನೆಯ ಅಕ್ಕ ನಕ್ಕುಬಿಟ್ಟರು. ಅವರು ಗೂಡಲೂರು ಕಡೆಯ ಟೀ ಎಸ್ಟೇಟಿನಲ್ಲಿ ಎಲೆ ಕಿತ್ತವರು. "ನಿನಗೆ ಮಕ್ಕಳು ಕಾಯ್ತಾವೆ, ಅವರಿಗೆ ಆನೆ ಕಾಯುತ್ತೆ. ನನಗೆ ಟೀ ಗಿಡ ಕಾಯ್ತಿತ್ತಾ? ಕಾಯ್ತಿದ್ದದ್ದು ತೂಕದ ತಕ್ಕಡಿ" ಅಂದರು. ನ್ಯಾಯವಾದ ಮಾತು. ಆದರೆ ಮಾತು ಮುಂದುವರಿದಾಗ ಅವರೇ ಇನ್ನೊಂದು ಹೇಳಿದರು. ಮಗ ತೀರಿಹೋದ ಆ ತಿಂಗಳು ಅವರ ಕೈ ಓಡುತ್ತಿರಲಿಲ್ಲ. ತೂಕಕ್ಕೆ ಹೋಗುವ ಮೊದಲು ಸಾಲಿನ ಆಚೆ ಈಚೆಯ ಹೆಂಗಸರು ಒಂದೊಂದು ಹಿಡಿ ಎಲೆ ಇವರ ಚೀಲಕ್ಕೆ ಹಾಕಿಬಿಡುತ್ತಿದ್ದರಂತೆ. ಒಬ್ಬರೂ ಒಂದು ಸಮಾಧಾನದ ಮಾತು ಆಡಿದ್ದಿಲ್ಲ. ಹೀಗೆ ಒಂದು ತಿಂಗಳು. ಅಕ್ಕನ ಮಾತು ಕೇಳಿದ ಮೇಲೆ, ಕಾಯುವ ಜೀವ ಮಗುವೋ ಮರಿಯೋ ಆಗಿರಬೇಕಾಗಿಲ್ಲ, ಪಕ್ಕದ ಸಾಲಿನವರೂ ಆಗಬಹುದು ಅಂತ ನನ್ನ ವಾದವನ್ನು ಸ್ವಲ್ಪ ಅಗಲ ಮಾಡಿಕೊಂಡಿದ್ದೇನೆ.

ನಮ್ಮ ಬೆಟ್ಟದ ಕೋತರಿಗೆ ಇದು ಮೊದಲೇ ತಿಳಿದಿತ್ತೇನೋ. ಅವರಲ್ಲಿ ಎರಡು ಸಾವು: ದೇಹ ಸುಡುವಾಗ ಹಸಿ ಸಾವು, ಆಮೇಲೆ ಎಷ್ಟೋ ಕಾಲ ಬಿಟ್ಟು, ಆ ನಡುವೆ ಹೋದವರಿಗೆಲ್ಲ ಸೇರಿಸಿ ಊರೇ ಕೂಡಿ ಮಾಡುವ ಒಣ ಸಾವು. ಈಗ ಅದು ಕಡಮೆಯಾಗಿದೆ. ಆದರೆ ಎಂಥ ಲೆಕ್ಕಾಚಾರ ನೋಡಿ: ಹನ್ನೊಂದು ದಿನಕ್ಕೆ ದುಃಖ ಮುಗಿಯಬೇಕು ಅನ್ನುವ ಹಟ ಇಲ್ಲ. ನಡುವೆ ಹೊಲಕ್ಕೆ ಹೋಗು, ಹಾಲು ಕರೆ, ನಗು ಬಂದರೆ ನಗು. ಅಳುವುದಕ್ಕೆ ಊರೆಲ್ಲ ಮತ್ತೆ ಸೇರುತ್ತದೆ.

ಮಗಳಿಗೆ ಆ ರಾತ್ರಿ "ಹೂಂ, ನಗ್ತೀನಿ" ಅಂದಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ತಾನೂ ನಾಳೆ ಸ್ಕೂಲಲ್ಲಿ ಖೋಖೋ ಆಡಬಹುದಾ ಅಂತ ಕೇಳಿದಳು. ಅಷ್ಟು ದಿನ ಆಡದೆ ಪಕ್ಕಕ್ಕೆ ಕೂತಿದ್ದಳಂತೆ.