ಪದ್ಯದ ಋಣ

ಹೋದ ಭಾನುವಾರ ಬಂಗಾರಪೇಟೆಯ ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಳು. ಎಂ.ಎ. ತರಗತಿಗಾಗಿ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದಾಳೆ. "ತಾತ, ಬರವಣಿಗೆಯ ನಡುವೆ ಪದ್ಯ ಬಂದರೆ ಹೇಗೆ ಉದ್ಧರಿಸಬೇಕು?" ಎಂದು ಕೇಳಿದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಬೇರೆ ಯಾವುದುಂಟು? ಕನ್ನಡಕ ಏರಿಸಿಕೊಂಡು ಹೇಳತೊಡಗಿದೆ.

ಒಂದೆರಡು ಸಾಲಾದರೆ ವಾಕ್ಯದೊಳಗೇ ಉದ್ಧರಣ ಚಿಹ್ನೆಯಲ್ಲಿಟ್ಟು, ಸಾಲು ಮುಗಿಯುವಲ್ಲಿ ಓರೆಗೆರೆ ಹಾಕಬೇಕು. ಹೆಚ್ಚಾದರೆ ಬೇರೆಯಾಗಿ, ಅಂಚು ಬಿಟ್ಟು, ಮೂಲದಲ್ಲಿದ್ದಂತೆಯೇ ಸಾಲು ಮುರಿದು ಬರೆಯಬೇಕು. ಕಂದ, ಷಟ್ಪದಿಗಳಲ್ಲಿ ಪ್ರಾಸ ನಿಲ್ಲುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಗದ್ಯದಂತೆ ಒಟ್ಟಿಗೆ ಬರೆದರೆ ಅದು ಕಣ್ಣಿಗೇ ಬೀಳದು. ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾದೀತು. ಆದುದರಿಂದ ಪಂಪನಿಗೆ ಆಶ್ವಾಸ ಮತ್ತು ಪದ್ಯ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಮುಳಬಾಗಿಲಿನಲ್ಲಿ ಹುಟ್ಟಿದ ನಮ್ಮ ಡಿ.ವಿ.ಜಿ.ಯವರ ಕಗ್ಗಕ್ಕೆ 945ರಲ್ಲಿ ಎಷ್ಟನೆಯದೆಂಬ ಸಂಖ್ಯೆ.

"ಇಷ್ಟೊಂದು ಮಡಿ ಏಕೆ, ತಾತ?"

"ಮಡಿಯಲ್ಲಮ್ಮ, ಋಣ. ಮೊದಲನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ಸಿಕ್ಕಿಲ್ಲ. ಮುಂದಿನವರು ಅವನನ್ನು ಉಲ್ಲೇಖಿಸಿದ್ದರಿಂದಲೇ ಅವನೊಬ್ಬನಿದ್ದನೆಂದು ಬಲ್ಲೆವು. ಹೆಸರು ಹೇಳುವುದೆಂದರೆ ಒಬ್ಬನನ್ನು ಉಳಿಸುವುದು."

ನನ್ನ ಮಾತು ನನಗೇ ಚೆನ್ನಾಗಿ ಕೇಳಿಸಿತು. ಆಗ ಅವಳು ತನ್ನ ಹಾಳೆಗಳನ್ನು ಮುಂದಿಟ್ಟಳು. ಅಲ್ಲೊಂದು ಹಾಡು, ಅದರ ಕೆಳಗೆ ನನ್ನ ಹೆಸರು!

ಹಾಡು ನನ್ನದಲ್ಲ. 1974ರಲ್ಲಿ ಒಂದು ದಿನ ಬಂಗಾರಪೇಟೆಯಿಂದ ರೈಲಿನಲ್ಲಿ ಮಾರಿಕುಪ್ಪಂಗೆ ಹೋಗಿದ್ದೆ. ಗಣಿಗಳು ಆಗ ನಡೆಯುತ್ತಿದ್ದವು, ಮುಚ್ಚಿದ್ದು 2001ರಲ್ಲಿ. ಗಣಿಯವರ ಲೈನು ಮನೆಯೊಂದರ ಮುಂದೆ, ರಾಗಿ ಬೀಸುತ್ತ ಒಬ್ಬ ಹೆಂಗಸು ಹಾಡುತ್ತಿದ್ದಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಗಳ ಊರು ಅದು. ಇಳಿದವನು ಸಂಜೆಗೆ ಮೇಲೆ ಬರುವನೋ ಎಂದು ಕಾಯುವವಳ ಹಾಡು. ನಾನು ಬರೆದುಕೊಂಡೆ. ಬೀಸುವುದನ್ನು ನಿಲ್ಲಿಸಿ ಆಕೆ ಹೇಳಿದಳು: "ಮೊದಲಿನದೆಲ್ಲ ನಮ್ಮತ್ತೆಯದು ಸ್ವಾಮಿ, ಕೊನೆಯ ಎರಡು ನುಡಿ ಮಾತ್ರ ನಾನು ಸೇರಿಸಿದ್ದು."

ಯೋಚಿಸಿ ನೋಡಿ. ಅಕ್ಷರ ಬಾರದ ಆಕೆ ಕವಿ ಯಾರು, ಸೇರಿಸಿದವರು ಯಾರು, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಚೊಕ್ಕವಾಗಿ ತಿಳಿಸಿದ್ದಳು. ಅತ್ತೆಯ ಪಾಲನ್ನು ತನ್ನದೆನ್ನಲಿಲ್ಲ. ಪದವೀಧರನಾದ ನಾನು ಆ ಮಾತನ್ನು ಬಿಟ್ಟು, ಮೇಲೆ 'ಜಾನಪದ', ಕೆಳಗೆ 'ಸಂಗ್ರಹ' ಎಂದು ನನ್ನ ಹೆಸರು ಹಾಕಿ ಅಚ್ಚು ಮಾಡಿಸಿದೆ. ಈಗ 'ಸಂಗ್ರಹ'ವೂ ಉದುರಿಹೋಗಿ ನಾನೇ ಕವಿಯಾಗಿ ನಿಂತಿದ್ದೇನೆ.

ಜಾನಪದವೆಂದರೆ ಎಲ್ಲರದು ಎನ್ನುತ್ತೇವೆ. ಅನೇಕ ಹಾಡುಗಳ ಮಟ್ಟಿಗೆ ಅದು ನಿಜ. ಕಟ್ಟಿದವರಾರೆಂದು ಯಾರೂ ಹೇಳಲಾರರು. ಆದರೆ ಕಟ್ಟಿದವಳು ಎದುರಿಗೆ ಕುಳಿತಿರುವಾಗಲೂ ಹಾಗೆನ್ನುವುದು ಔದಾರ್ಯವಲ್ಲ, ಸೋಮಾರಿತನ. ಪಂಪನ ಪದ್ಯಸಂಖ್ಯೆ ತಪ್ಪಿದರೆ ತಿದ್ದಲು ನೂರು ವಿದ್ವಾಂಸರಿದ್ದಾರೆ. ಆಕೆಗೆ ಇದ್ದ ಸಾಕ್ಷಿ ನಾನೊಬ್ಬನೇ.

"ಹಾಗಾದರೆ ಏನು ಬರೆಯಲಿ?" ಎಂದಳು ಮೊಮ್ಮಗಳು.

ಮಾರಿಕುಪ್ಪಂ ಎಂದು ಬರೆಸಿದೆ, ಇಸವಿ ಬರೆಸಿದೆ, ಅತ್ತೆಯದೆಷ್ಟು, ಸೊಸೆಯದೆಷ್ಟು ಎಂದು ಬರೆಸಿದೆ. ಹೆಸರಿನ ಜಾಗಕ್ಕೆ ಬಂದಾಗ ಅವಳೇ 'ಹಾಡಿದವರ ಹೆಸರು ತಿಳಿದಿಲ್ಲ' ಎಂದು ಬರೆದಳು.

ಅದನ್ನು ಹೊಡೆದುಹಾಕಿಸಿದೆ. ತಿಳಿದಿಲ್ಲ ಎಂದರೆ ತಪ್ಪು ಕಾಲದ್ದಾಗುತ್ತದೆ. 'ಸಂಗ್ರಹಿಸಿದವನು ಹೆಸರು ಕೇಳಲಿಲ್ಲ' ಎಂದು ಬರೆಯಮ್ಮ, ಎಂದೆ.