ಛತ್ರದವನ ಲೆಕ್ಕ



ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ಬಂಡೆಯಲ್ಲಿಯೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಹತ್ತಲಾರದವರಿಗಾಗಿ ಬೆಟ್ಟದ ಬುಡದಲ್ಲಿ ಡೋಲಿ ಹೊರುವವರಿರುತ್ತಾರೆ. ಅವರ ಬೆವರಿಗೆ ಒಂದು ದರವಿದೆ. ಅದು ನ್ಯಾಯವೂ ಹೌದು. ಆದರೆ ವೃದ್ಧೆಯೊಬ್ಬಳ ಕೈಹಿಡಿದು, "ಇನ್ನೊಂದೇ ಮೆಟ್ಟಿಲು, ಅಜ್ಜಿ" ಎನ್ನುತ್ತಾ ಅವಳನ್ನು ಅವಳ ಕಾಲಿನಿಂದಲೇ ಮೇಲೇರಿಸುವವನಿಗೆ ದರವೆಂಬುದಿಲ್ಲ. ಹೊರುವುದನ್ನು ನಾವು ಕೆಲಸವೆಂದು ಎಣಿಸುತ್ತೇವೆ. ಜೊತೆಗಿದ್ದು ಗಮನಿಸುವುದನ್ನು ಎಣಿಸುವುದಿಲ್ಲ.

ಈ ಮಾತು ನನ್ನ ಮನಸ್ಸಿನಲ್ಲಿ ಮೂಡಲು ಒಂದು ಕಾರಣವಿದೆ. ಕಳೆದ ವರ್ಷ ಆ ಬೆಟ್ಟದಿಂದ ಅನತಿ ದೂರದ ಹಳ್ಳಿಯೊಂದರಲ್ಲಿ ರೈತರೊಬ್ಬರಿಗೆ ಲಕ್ವ ಹೊಡೆಯಿತು. ಬೆಂಗಳೂರಿನಲ್ಲಿ ದುಡಿಯುವ ಮಗನ ಕಂಪನಿಯ ವಿಮೆ ಇದ್ದುದರಿಂದ ಆಸ್ಪತ್ರೆಯ ಖರ್ಚು ಹೇಗೋ ಕಳೆಯಿತು. ಮನೆಗೆ ಬಂದ ಮೇಲೆ ನಿಜವಾದ ಚಿಕಿತ್ಸೆ ಆರಂಭವಾಯಿತು. ಬಲಗೈ, ಬಲಗಾಲು ಮತ್ತೆ ಕಲಿಯಬೇಕಾಗಿತ್ತು. ಫಿಸಿಯೋಥೆರಪಿಗೆಂದು ದಿನವೂ ಹಾಸನಕ್ಕೆ ಕರೆದೊಯ್ಯುವುದು ಆ ಮನೆಗೆ ಅಸಾಧ್ಯ. ನಗರದಲ್ಲಿದ್ದ ಒಬ್ಬ ಥೆರಪಿಸ್ಟ್ ಹೆಣ್ಣುಮಗಳು ಫೋನಿನ ಮೂಲಕವೇ ಈ ಹೊಣೆ ಹೊತ್ತಳು. ಮನೆಯವರು ದಿನವೂ ವ್ಯಾಯಾಮದ ವಿಡಿಯೋ ಕಳಿಸುವರು. ಅವಳು ನೋಡಿ ತಿದ್ದುವಳು. ವಾರಕ್ಕೆ ಎರಡು ಸಲ ಎದುರಾಬದುರು ಮಾತನಾಡುವಳು. ಅದಕ್ಕೆ ತಿಂಗಳಿಗಿಷ್ಟು ಶುಲ್ಕವೆಂದು ರಶೀದಿಯನ್ನೂ ಕೊಡುವಳು.

ಆ ರಶೀದಿಯನ್ನು ವಿಮೆಯವರು ತಿರಸ್ಕರಿಸಿದರು. ಬಿಡುಗಡೆಯ ನಂತರದ ಖರ್ಚಿಗೆ ಇದ್ದ ಅವಧಿ ಮುಗಿದಿತ್ತು. ಅನಂತರದ ಖರ್ಚು ಸಿಗಬೇಕಾದರೆ ರೋಗಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿರಬೇಕು. ಆಗ ಮಧ್ಯವರ್ತಿಯೊಬ್ಬ ದಾರಿ ತೋರಿಸಿದ: "ಒಂದು ರಾತ್ರಿ ಅಡ್ಮಿಟ್ ಮಾಡಿದ ಹಾಗೆ ಕಾಗದ ಮಾಡಿಸೋಣ, ಎಲ್ಲ ಖರ್ಚೂ ಅದರಲ್ಲೇ ಬರುತ್ತದೆ." ಮಗ ನನ್ನ ಬಳಿ ಬಂದು ಕೇಳಿದ: "ಸ್ವಾಮಿ, ಖರ್ಚು ಸುಳ್ಳಲ್ಲ. ರೋಗ ಸುಳ್ಳಲ್ಲ. ಕಾಗದ ಮಾತ್ರ ಸುಳ್ಳು. ಇದು ಪಾಪವೇ?"

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನಂತೂ ತಕ್ಷಣ ಉತ್ತರಿಸಲಿಲ್ಲ. ಗುರುಮಠದಲ್ಲಿ ಕಲಿತ ನೀತಿಶಾಸ್ತ್ರದ ಸೂತ್ರವನ್ನು ಅವನ ಮುಂದಿಟ್ಟು ಕಳಿಸಿಬಿಡುವುದು ಸುಲಭವಾಗಿತ್ತು. ಆದರೆ ಅವನ ಪ್ರಶ್ನೆಯ ಒಳಗೆ ಒಂದು ನ್ಯಾಯವಾದ ಆಕ್ರೋಶವಿತ್ತು. ಮೊದಲು ಅದನ್ನು ಆಲಿಸಬೇಕು.

ನಮ್ಮ ವ್ಯವಸ್ಥೆ ಬಹುಮಟ್ಟಿಗೆ ಹಾಸಿಗೆಗೆ ಹಣ ಕೊಡುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡುತ್ತದೆ. ಲಕ್ಷಾಂತರ ಬಡವರಿಗೆ ಅದು ಆಸರೆ. ಆದರೆ ಅದೂ ಮುಖ್ಯವಾಗಿ ಒಳರೋಗಿಗಳ ಯೋಜನೆ. ಬಿಡುಗಡೆಯ ನಂತರದ ಔಷಧಿ, ತಪಾಸಣೆಗಳಿಗೆ 15 ದಿನಗಳ ಮಿತಿ. ಲಕ್ವದ ಕೈ 15 ದಿನಗಳಲ್ಲಿ ಮುಷ್ಟಿ ಕಟ್ಟುವುದಿಲ್ಲ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯು ದೂರದಿಂದ ನೋಡಿದ ವೈದ್ಯರೂ ಸೂಕ್ತ ಶುಲ್ಕ ಪಡೆಯಬಹುದು, ರಶೀದಿ ಕೊಡಬೇಕು ಎಂದಿತು. ಅದೇ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಪಾಲಿಸಿಯಲ್ಲಿ ವೈದ್ಯರ ಸಮಾಲೋಚನೆಗೆ ಅವಕಾಶವಿದ್ದಲ್ಲಿ ಟೆಲಿಮೆಡಿಸಿನ್ನಿಗೂ ಅವಕಾಶ ಕೊಡಿ ಎಂದು ಸೂಚಿಸಿತು. ಆದರೆ ಹೊರರೋಗಿಯ ಸಮಾಲೋಚನೆಯೇ ಪಾಲಿಸಿಯಲ್ಲಿ ಇಲ್ಲದಿದ್ದರೆ? ಮೇಲಾಗಿ ಆ ಮಾರ್ಗಸೂಚಿ ಬರೆದದ್ದು ವೈದ್ಯರಿಗಾಗಿ. ಕೈಕಾಲು ತಿದ್ದುವ ಥೆರಪಿಸ್ಟ್ ಅದರಲ್ಲಿ ಕಾಣುವುದಿಲ್ಲ.

ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ 2022ರ ಜನವರಿಯಿಂದ ದೂರದ ಚಿಕಿತ್ಸಾ ನಿಗಾಕ್ಕೆ ಪ್ರತ್ಯೇಕ ಬಿಲ್ ಸಂಕೇತಗಳನ್ನು ಒಪ್ಪಿಕೊಂಡಿತು. ರೋಗಿಯ ಸಾಧನದಿಂದ 30 ದಿನಗಳಲ್ಲಿ ಕನಿಷ್ಠ 16 ದಿನ ಮಾಹಿತಿ ಬರಬೇಕಿತ್ತು. ಥೆರಪಿಸ್ಟ್ ತಿಂಗಳಲ್ಲಿ ಕನಿಷ್ಠ 20 ನಿಮಿಷ ವಿನಿಯೋಗಿಸಬೇಕಿತ್ತು, ಒಮ್ಮೆಯಾದರೂ ರೋಗಿಯೊಡನೆ ನೇರವಾಗಿ ಮಾತನಾಡಬೇಕಿತ್ತು. ಗಮನಿಸುವುದೂ ದುಡಿಮೆಯೆಂದು ಒಪ್ಪಿದ್ದು ಒಳ್ಳೆಯದೇ. ಆದರೆ 15 ದಿನ ಮಾಹಿತಿ ಬಂದರೆ ಸಾಧನಕ್ಕೆ ಹಣವಿರಲಿಲ್ಲ, 16 ದಿನವಾದರೆ ಇತ್ತು! ಆಗ ಕಣ್ಣು ರೋಗಿಯ ಮೇಲಿರುತ್ತದೆಯೋ, ಕ್ಯಾಲೆಂಡರಿನ ಮೇಲೋ? 2026ರಿಂದ 2 ರಿಂದ 15 ದಿನಗಳ ಮಾಹಿತಿಗೂ ಸಂಕೇತ ಬಂದಿದೆ. ಗೆರೆ ಜರುಗಿತು, ಗೆರೆಯಂತೂ ಇದ್ದೇ ಇದೆ. ಯಾವುದಕ್ಕೆ ಬೆಲೆ ಕಟ್ಟುತ್ತೇವೆಯೋ ಅದನ್ನೇ ಜನ ಹೆಚ್ಚಿಸುತ್ತಾರೆ. ಹಾಸಿಗೆಗೆ ಹಣವಿದ್ದರೆ ಹಾಸಿಗೆ ತುಂಬುತ್ತದೆ. ದಿನಗಳಿಗೆ ಹಣವಿದ್ದರೆ ದಿನಗಳು ತುಂಬುತ್ತವೆ.

ನಮ್ಮಲ್ಲಿಯೇ ಇನ್ನೊಂದು ಮಾದರಿಯುಂಟು. ಕ್ಷಯರೋಗಿಯು ತಿಂಗಳುಗಟ್ಟಲೆ ತಪ್ಪದೆ ಗುಳಿಗೆ ನುಂಗುವಂತೆ ನೋಡಿಕೊಳ್ಳುವ ಬೆಂಬಲಿಗರಿಗೆ, ಸಾಮಾನ್ಯ ಕ್ಷಯದ ಚಿಕಿತ್ಸೆ ಪೂರ್ಣಗೊಂಡಾಗ ಸರ್ಕಾರ 1,000 ರೂಪಾಯಿ ಗೌರವಧನ ಕೊಡುತ್ತದೆ. ರೋಗಿಯ ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರಿನಿಂದ 1,000 ಆಯಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು: ರೋಗಿಯನ್ನು ಕೊನೆಯವರೆಗೂ ಕೈಬಿಡದಿರುವುದಕ್ಕೂ ಸಮಾಜ ಋಣಿ.

ಹೀಗಿರುವಾಗ, ನಿಯಮವೇ ಅಪೂರ್ಣವಾಗಿದ್ದರೆ ಸುಳ್ಳು ಕಾಗದ ಕ್ಷಮ್ಯವಲ್ಲವೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಯಶಸ್ವಿನಿಯನ್ನು ನೆನಪಿಸಿಕೊಳ್ಳಿ. 2003ರಲ್ಲಿ ಆ ಯೋಜನೆ ಕಾರ್ಯಾರಂಭ ಮಾಡಿದಾಗ ಸಹಕಾರ ಸಂಘದ ರೈತನು ಕಟ್ಟಿದ್ದು ವರ್ಷಕ್ಕೆ 60 ರೂಪಾಯಿ. ಒಬ್ಬನ 60 ರೂಪಾಯಿಯಿಂದ ಯಾರ ಹೃದಯದ ಶಸ್ತ್ರಚಿಕಿತ್ಸೆಯೂ ಆಗದು. ಎಲ್ಲರದು ಸೇರಿದಾಗ ಆಯಿತು. ವಿಮೆಯೆಂದರೆ ಅದೇ: ಊರವರೆಲ್ಲ ಒಂದೊಂದು ಹಿಡಿ ಹಾಕಿದ ಕಣಜ. ಹಸಿದವನು ಕೇಳಿ ತೆಗೆದುಕೊಳ್ಳಬಹುದು. ಕತ್ತಲೆಯಲ್ಲಿ ತೂತು ಕೊರೆದರೆ ಧಾನ್ಯ ಸುರಿಯುವುದು ಅವನ ಚೀಲಕ್ಕೆ ಮಾತ್ರವಲ್ಲ. ಆ ತೂತು ಮಧ್ಯವರ್ತಿಗೂ ತಿಳಿದಿರುತ್ತದೆ. ಇನ್ನೂ ಒಂದು ಹಾನಿಯಿದೆ. ಸುಳ್ಳು ದಾಖಲಾತಿಯಲ್ಲಿ ಆ ಥೆರಪಿಸ್ಟಳ ಹೆಸರೇ ಇರುವುದಿಲ್ಲ. ಫಲ ಕೊಟ್ಟದ್ದು ಅವಳ ಗಮನ. ಕಾಗದದಲ್ಲಿ ಕಾಣುವುದು ಯಾರೂ ಮಲಗದ ಹಾಸಿಗೆ. ಯಾವ ನಿಯಮ ಬದಲಾಗಬೇಕೆಂದು ನಾವು ಬಯಸುತ್ತೇವೆಯೋ ಅದನ್ನೇ ನಮ್ಮ ಸುಳ್ಳು ಗಟ್ಟಿಗೊಳಿಸುತ್ತದೆ.

ಸದಯ ಸಮಾರಿತನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಗಾಯಾಳುವಿನ ಗಾಯ ಕಟ್ಟಿದ್ದನ್ನು ನೆನಪಿಡುತ್ತೇವೆ. ಮರುದಿನ ಬೆಳಗಿನ ವ್ಯವಹಾರವನ್ನು ಮರೆಯುತ್ತೇವೆ. ಅವನಿಗೆ ಪಯಣ ಮುಂದುವರಿಸಬೇಕಿತ್ತು. ಎರಡು ನಾಣ್ಯ ಮುಂಗಡ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿ ಛತ್ರದವನಿಗೆ ಮಾತು ಕೊಟ್ಟ. ದೂರದಿಂದ ರೋಗಿಯ ಹೊಣೆ ಹೊರುವ ಏರ್ಪಾಡು ಅಲ್ಲಿಯೇ ಇದೆ. ಅಲ್ಲಿ ಹಣವಿದೆ, ಲೆಕ್ಕವಿದೆ; ಅದರಿಂದ ಕರುಣೆಗೆ ಕುಂದಾಗಲಿಲ್ಲ. ಛತ್ರದವನು ಲೆಕ್ಕ ಹಿಗ್ಗಿಸಬಹುದಾಗಿತ್ತು. ಸಮಾರಿತನು ಆ ದಾರಿಯನ್ನೇ ತಪ್ಪಿಸಬಹುದಾಗಿತ್ತು. ಪರಸ್ಪರ ನಂಬಿಕೆಯ ಮೇಲೆ ಗಾಯಾಳುವಿನ ಪ್ರಾಣ ನಿಂತಿತ್ತು. ಸತ್ಯದ ಹೊಣೆ ಬಿಲ್ ಬರೆಯುವವನದು. ಮಾತು ಉಳಿಸಿಕೊಳ್ಳುವ ಹೊಣೆ ಹಣ ತೆರುವವನದು. ಒಂದಿಲ್ಲದೆ ಇನ್ನೊಂದನ್ನು ಬಡವನಿಂದ ಮಾತ್ರ ಕೇಳುವುದು ಅನ್ಯಾಯ.

ಇದನ್ನೇ ಆ ಮಗನಿಗೆ ಹೇಳಿದೆ. ಅವನು ಸುಳ್ಳು ಕಾಗದ ಮಾಡಿಸಲಿಲ್ಲ. ಪ್ರತಿ ದಿನದ ವ್ಯಾಯಾಮ, ಪ್ರತಿ ಕರೆಯ ನಿಮಿಷಗಳನ್ನು ಬರೆದು ಮತ್ತೊಮ್ಮೆ ನಿಜವಾದ ಬಿಲ್ಲನ್ನೇ ಕಳಿಸಿದ. ಅದೂ ತಿರಸ್ಕೃತವಾಯಿತು. ಸತ್ಯಕ್ಕೆ ಕೂಡಲೇ ಪ್ರತಿಫಲ ಸಿಕ್ಕಿತೆಂದು ಬರೆಯಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ಅವನು ಸಾಲ ಮಾಡಿ ಶುಲ್ಕ ಕೊಟ್ಟ. ಪಕ್ಕದ ಮನೆಯ ಹುಡುಗ ವ್ಯಾಯಾಮ ಮಾಡಿಸುವುದನ್ನು ಕಲಿತ. ಥೆರಪಿಸ್ಟ್ ತನ್ನ ಕರೆಗಳನ್ನು ಕಡಿಮೆ ಮಾಡಿ ಶುಲ್ಕ ಇಳಿಸಿದಳು. ತಂದೆ ಈಗ ಕೋಲೂರಿ ಕೊಟ್ಟಿಗೆಯವರೆಗೆ ನಡೆಯುತ್ತಾರೆ. ಬಲಗೈ ಇನ್ನೂ ಪೂರ್ತಿ ಮಡಚುವುದಿಲ್ಲ.

ಆ ಸಾಲದ ಒಂದು ಪಾಲು ನನ್ನ ಉಪದೇಶದ ಬೆಲೆಯೆಂಬುದನ್ನು ನಾನು ಮರೆಯಲಾರೆ. ಸತ್ಯವಂತನಾಗಿರು ಎಂದು ಒಬ್ಬನಿಗೆ ಹೇಳುವ ಸಮುದಾಯ, ಆ ಸತ್ಯದ ಖರ್ಚಿನಲ್ಲಿ ಪಾಲು ಹೊರಲೇಬೇಕು. ಆದುದರಿಂದ, ಪ್ರಿಯರೇ, ನಿಮ್ಮ ಪಾಲಿಸಿ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಆರೋಗ್ಯವಾಗಿರುವಾಗಲೇ ಓದಿಕೊಳ್ಳಿ. ನಿಜವಾದ ರಶೀದಿಯನ್ನೇ ಕೇಳಿ; ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು ದೂರು ಕೊಡಿ. ನಿಮ್ಮ ಬೀದಿಯಲ್ಲಿ ಆಸ್ಪತ್ರೆಯಿಂದ ಮರಳಿದವರಿದ್ದರೆ ಹಣ್ಣು ಕೊಟ್ಟು ಬಂದರೆ ಸಾಲದು. ಹತ್ತು ನಿಮಿಷ ಕುಳಿತು ಅವರ ಕೈ ಎಷ್ಟು ಮೇಲೇರಿತೆಂದು ನೋಡಿ ಬನ್ನಿ.