ನೆರೆಹೊರೆಯ ಅರಿವು

ಬೆಂಗಳೂರಿನ ಉತ್ತರಭಾಗದಲ್ಲಿ ಕವಿ ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತ ಬಡಾವಣೆಯೊಂದುಂಟು. ಜನರ ಬಾಯಲ್ಲಿ ಅದು ಆರ್.ಟಿ. ನಗರ. ಅದರ ನೆರೆಯ ಕಾವಲ್ ಬೈರಸಂದ್ರ, ದೇವರಜೀವನಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ, ಪ್ರವಾದಿಗಳನ್ನು ನಿಂದಿಸಿದ ಫೇಸ್‌ಬುಕ್ ಬರಹವೊಂದರಿಂದ ಕೆರಳಿದ ಗುಂಪು ಶಾಸಕರ ಮನೆಗೂ ಪೊಲೀಸರ ವಾಹನಗಳಿಗೂ ಬೆಂಕಿಯಿಟ್ಟಿತು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಅದೇ ರಾತ್ರಿ ಅಲ್ಲಿಯೇ ಮುಸಲ್ಮಾನ ತರುಣರು ಕೈಗೆ ಕೈ ಕೋದು ಗುಡಿಯೊಂದರ ಮುಂದೆ ನಿಂತು ಅದನ್ನು ಕಾಯ್ದರು. ಅಂತಹ ತರುಣರು ಪ್ರತಿಯೊಂದು ಕೇರಿಯಲ್ಲಿಯೂ ತಾವಾಗಿಯೇ ಒದಗಿ ಬರುವರೆಂದು ನಂಬಿ ಗೃಹಸ್ಥನು ನಿಶ್ಚಿಂತನಾಗಿ ಮಲಗಬಹುದೇ?

ಇಂತಹ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳುವುದು ಸುಲಭ. ‘ಆ ಜನ ಇರುವುದೇ ಹಾಗೆ’ ಎಂಬುದು ಊಹೆಗಳಲ್ಲೆಲ್ಲ ಸೋಮಾರಿಯಾದುದು. ಲೆಕ್ಕವಿಟ್ಟು ನೋಡಿದವರು ಬೇರೆ ಮಾತು ಹೇಳುತ್ತಾರೆ. ವಿದ್ವಾಂಸರಾದ ಅಶುತೋಷ್ ವಾರ್ಷ್ಣೇಯರು 1950ರಿಂದ 1995ರವರೆಗಿನ ಪತ್ರಿಕಾ ವರದಿಗಳಿಂದ ಹಿಂದೂ-ಮುಸಲ್ಮಾನ ಗಲಭೆಗಳನ್ನು ಎಣಿಸಿ, ಅದರ ಫಲವನ್ನು 2002ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಸತ್ತವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಎಂಟೇ ನಗರಗಳಲ್ಲಿ ಸತ್ತವರು. ಹಳ್ಳಿಗಳ ಪಾಲು ನೂರಕ್ಕೆ ನಾಲ್ಕೂ ಇಲ್ಲ. ಪದೇ ಪದೇ ಹೊತ್ತಿಕೊಳ್ಳುತ್ತಿದ್ದ ಅಲಿಗಢವನ್ನು ಶಾಂತವಾಗಿದ್ದ ಕಲ್ಲಿಕೋಟೆಯೊಡನೆ ಹೋಲಿಸಿದಾಗ ಅವರಿಗೆ ಕಂಡುದಿಷ್ಟು: ಹಬ್ಬಕ್ಕೆ ಸಿಹಿ ಹಂಚಿ, ಎದುರಾದಾಗ ಕ್ಷೇಮ ಕೇಳುವ ಸ್ನೇಹವು ಹಳ್ಳಿಗೆ ಸಾಕಾದೀತು, ದೊಡ್ಡ ನಗರದಲ್ಲಿ ವದಂತಿಯ ಬಿರುಸಿಗೆ ಅದು ನಿಲ್ಲದು. ಒಂದೇ ವರ್ತಕಸಂಘದಲ್ಲಿ, ಒಂದೇ ಕಾರ್ಮಿಕಸಂಘದಲ್ಲಿ ಎರಡು ಮತದವರೂ ಕೂಡಿ ದುಡಿಯುವೆಡೆ, ಶಾಂತಿ ಕೆಟ್ಟರೆ ಇಬ್ಬರಿಗೂ ನಷ್ಟವಾದುದರಿಂದ ಇಬ್ಬರೂ ಸುಳ್ಳನ್ನು ಹುಟ್ಟಿದೆಡೆಯಲ್ಲಿಯೇ ಹಿಡಿಯುತ್ತಾರೆ. ಕಾಯಕದ ನಂಟು ಉಪಚಾರದ ನಂಟಿಗಿಂತ ಗಟ್ಟಿ.

ಸಂಘದಿಂದ ಶಾಂತಿಯೋ, ಶಾಂತಿಯಿದ್ದುದರಿಂದ ಸಂಘವೋ ಎಂದು ಆಕ್ಷೇಪಿಸಿದವರುಂಟು, ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಮಗ್ಗಗಳ ಊರಾದ ಭಿವಂಡಿಯನ್ನು ನೋಡಬೇಕು. 1970ರಲ್ಲಿಯೂ 1984ರಲ್ಲಿಯೂ ಅದು ಉರಿದುಹೋಗಿತ್ತು. ಅನಂತರ ಸುರೇಶ್ ಖೋಪಡೆಯೆಂಬ ಪೊಲೀಸ್ ಅಧಿಕಾರಿ ಎರಡೂ ಮತದವರನ್ನು ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992-93ರಲ್ಲಿ ಸಮೀಪದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು.

ಎಣಿಕೆಗೊಂದು ದೋಷವೂ ಉಂಟು. ಯಾರನ್ನು ಶಂಕಿಸಬೇಕೆಂದು ಎಣಿಸತೊಡಗಿದರೆ ಅರಿವು ಗೂಢಚಾರಿಕೆಯಾಗುತ್ತದೆ. ಶಂಕೆಗೊಳಗಾದ ಮನೆಯ ಮಗನೇ ಉಗ್ರರ ಮಾತಿಗೆ ಮೊದಲು ಕಿವಿಗೊಡುವನು. ಗೃಹಸ್ಥನು ಎಣಿಸಬೇಕಾದುದು ತನ್ನ ನಂಟುಗಳನ್ನು. ಯಲಹಂಕದವನಾಗಲಿ, ಹೆಬ್ಬಾಳದವನಾಗಲಿ, ತನ್ನ ಬಡಾವಣೆಯ ನಿವಾಸಿಗಳ ಸಂಘದ ಪಟ್ಟಿಯನ್ನು ಒಮ್ಮೆ ತೆಗೆದು ನೋಡಲಿ: ಅನ್ಯಮತದ ಹೆಸರುಗಳು ಅದರಲ್ಲಿ ಎಷ್ಟಿವೆ? ನಡುರಾತ್ರಿ ಕೆಟ್ಟ ಸುದ್ದಿಯೊಂದು ಬಂದರೆ ನಿಜವೇನೆಂದು ಕೇಳಲು ಅವರಲ್ಲಿ ಯಾರನ್ನು ಅವನು ಸಂಕೋಚವಿಲ್ಲದೆ ಎಬ್ಬಿಸಬಲ್ಲನು?